ಕಾಳು ತಿಂದರೆ ಬೀಳುವವಳು

ನನಗೆ ಮೂರ್ಛೆರೋಗ ಇರಲೇ ಇಲ್ಲ. ಈ ಮಾತು ನನ್ನ ಕಿವಿಗೆ ಬಿದ್ದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಅಷ್ಟರೊಳಗೆ ಮೂರ್ಛೆಯ ಗುಳಿಗೆ ನುಂಗಿ ನುಂಗಿ ವಸಡು ಊದಿ ಅರ್ಧ ಹಲ್ಲು ಮುಚ್ಚಿಹೋಗಿದ್ದವು. ಸಾಲಿ ಬಿಟ್ಟಾಗಿತ್ತು. ಮದುವೆಯ ನಿಶ್ಚಯ ಮುರಿದಿತ್ತು. ಖಾನಾಪುರದ ನಮ್ಮ ಓಣಿಯಲ್ಲಿ ಸುರೇಖಾ ಎಂಬ ಹೆಸರಿನಿಂದ ನನ್ನನ್ನು ಯಾರೂ ಗುರುತಿಸುತ್ತಿರಲಿಲ್ಲ. ‘ಆ ಬೀಳೂ ಹುಡುಗಿ’ ಅಂದರೆ ಸಾಕು, ಮನೆ ತೋರಿಸುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರೊಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು, “ನಿಮಗಿರೋದು ಅದಲ್ಲ” ಅಂದರು. ಖುಷಿ ಆಗಿರಬೇಕಲ್ಲ ಎಂದು ಕೇಳುತ್ತಾರೆ. ಆಗಲಿಲ್ಲ. ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತು. ಯಾರನ್ನು ಅಂತ ಗೊತ್ತಾಗಲಿಲ್ಲ.

ಇಂಥದ್ದನ್ನು ಬರೆಯುವವರು ಕಡೆಗೆ ದೇವರಿಗೆ, ಡಾಕ್ಟರಿಗೆ, ಮನೆಯವರಿಗೆ ಕೈಮುಗಿಯುತ್ತಾರೆ. ನನ್ನಿಂದ ಅಷ್ಟು ಆಗಲಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಎಲ್ಲೋ ಒಬ್ಬ ಹುಡುಗಿ ಈಗ ತಟ್ಟೆಯ ಮುಂದೆ ಕೂತು ಅಳುತ್ತಿರಬಹುದು. ಅವಳ ಮನೆಯವರು ಓದಲಿ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪನಿಗೆ ಸರಕಾರಿ ಕಚೇರಿಯಲ್ಲಿ ಸಿಪಾಯಿ ಕೆಲಸ ಸಿಕ್ಕ ಮೇಲೆ ಖಾನಾಪುರ ಊರೊಳಗೆ ಬಂದು ನಿಂತೆವು. ನಾನು ಮೊದಲ ಸಲ ಬಿದ್ದದ್ದು ಸಾಲಿಯಲ್ಲಿ, ಪ್ರಾರ್ಥನೆಗೆ ನಿಂತಾಗ. ಆವತ್ತು ಮುಂಜಾನೆ ಅವ್ವ ಮಡಕೆಕಾಳಿನ ಉಸಳಿ ಮಾಡಿದ್ದಳು, ಮೇಲೊಂದು ವಾಟಗ ಹಾಲು. ಎಚ್ಚರ ಬಂದಾಗ ಯಾರದೋ ಚಪ್ಪಲಿ ನನ್ನ ಮೂಗಿನ ಮೇಲಿತ್ತು, ಮುಷ್ಟಿಯಲ್ಲಿ ಕೀಲಿಯ ಗೊಂಚಲು ತುರುಕಿದ್ದರು. ಊರಿನ ಡಾಕ್ಟರು ಅವ್ವ ಹೇಳಿದ್ದನ್ನು ಕೇಳಿ ಮೂರ್ಛೆ ಅಂದರು, ಗುಳಿಗೆ ಬರೆದರು. ಮುಗಿಯಿತು. ಆಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ ಹಳೆಯ ಚೀಟಿ ನೋಡಿ ಅದನ್ನೇ ಮುಂದುವರಿಸಿದರು.

ಒಬ್ಬರೂ ನಾನು ಬಿದ್ದ ಹೊತ್ತಿನಲ್ಲಿ ರಕ್ತದ ಸಕ್ಕರೆ ನೋಡಲಿಲ್ಲ. ನೋಡುವಂತೆಯೂ ಇರಲಿಲ್ಲ. ಬಿದ್ದ ಕೂಡಲೇ ಯಾರಾದರೂ ಪುಣ್ಯಾತ್ಮರು ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದರು. ದವಾಖಾನೆ ಮುಟ್ಟುವುದರೊಳಗೆ ಎಲ್ಲ ನೆಟ್ಟಗಾಗಿರುತ್ತಿತ್ತು.

“ನಮ್ಮ ಕಡೆ ಯಾರಿಗೂ ಇಂಥಾದ್ದಿಲ್ಲ. ಇದು ನಿನ್ನ ತವರಿಂದ ಬಂದದ್ದು,” ಅಂತ ಅಪ್ಪ ಮೊದಲ ದಿನವೇ ಹೇಳಿಬಿಟ್ಟ. ಅವ್ವನ ಸೋದರಮಾವನೊಬ್ಬ ಕುಡಿದು ದಾರಿಯಲ್ಲಿ ಬೀಳುತ್ತಿದ್ದನಂತೆ. ಅಪ್ಪನಿಗೆ ಅಷ್ಟು ಸಾಕ್ಷಿ ಸಾಕಾಯಿತು. ಅವ್ವ ಎದುರಾಡುವವಳಲ್ಲ. ತನ್ನ ರಕ್ತದಿಂದ ಬಂದ ಪೀಡೆಯನ್ನು ತನ್ನ ಕೈಯಿಂದಲೇ ಓಡಿಸುತ್ತೇನೆ ಅಂತ ಒಲೆಯ ಮುಂದೆ ಕೂತಳು.

“ಮೈಯಾಗ ತಾಕತ್ತಿಲ್ಲ, ಅದಕ್ಕ ಬೀಳತಾಳ,” ಅನ್ನುತ್ತಿದ್ದಳು. ನೆನೆಸಿದ ಶೇಂಗಾ, ಹೆಸರುಕಾಳು, ಗಟ್ಟಿ ಹಾಲು, ಕಡಲೆಹಿಟ್ಟಿನ ಝುಣಕ, ರವಿವಾರ ಕೋಳಿಯ ತತ್ತಿ. ತಮ್ಮನಿಗೆ ಸಿಗದ್ದು ನನಗೆ ಸಿಗುತ್ತಿತ್ತು. ತಿಂದು ಸ್ವಲ್ಪ ಹೊತ್ತಿಗೆ ಕೈ ನಡುಗುವುದು, ಬೆವರು ಒಡೆಯುವುದು, ಪುಸ್ತಕದ ಅಕ್ಷರ ಒಂದರ ಮೇಲೊಂದು ಏರುವುದು. ಪ್ರತಿ ಸಲ ಬೀಳುತ್ತಿರಲಿಲ್ಲ. ಹಸಿವಿನ ಮೇಲೆ ಬರೀ ಕಾಳೇ ತಿಂದ ದಿನ ಮಾತ್ರ ತಪ್ಪುತ್ತಿರಲಿಲ್ಲ. ನಾನು ತಟ್ಟೆ ದೂಡುತ್ತಿದ್ದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ನನ್ನ ಆಣಿ ಐತಿ, ಇದೊಂದ ತುತ್ತ ತಿನ್ನವಾ,” ಅಂತ ಬಾಯಿಗಿಡುತ್ತಿದ್ದಳು.

ನನಗೆ ಬೇಕಾಗುತ್ತಿದ್ದುದು ಬೆಲ್ಲ. ಆ ನಡುಕ ಶುರುವಾಯಿತೆಂದರೆ ಕಾಲು ತಾವಾಗಿಯೇ ಬೆಲ್ಲದ ಡಬ್ಬಿಯ ಕಡೆ ಹೋಗುತ್ತಿದ್ದವು. ಒಂದು ತುಣುಕು ಬಾಯಿಗೆ ಬಿದ್ದರೆ ಮೈ ತಣ್ಣಗಾಗುತ್ತಿತ್ತು. ಮನೆಗೆ ಬಂದಿದ್ದ ಗಂಗವ್ವತ್ತೆ, ಅಪ್ಪನ ಅಕ್ಕ, ಇದನ್ನು ನೋಡಿಬಿಟ್ಟಳು. “ಹೆಣ್ಣ ಹುಡುಗಿ ಕದ್ದು ತಿನ್ನೂದು ಕಲತೈತಿ ನೋಡೋ,” ಅಂದಳು. ಅಪ್ಪ ಸೊಂಟದ ಬೆಲ್ಟು ಬಿಚ್ಚಿದ. ಬೆಲ್ಲದ ಡಬ್ಬಿಗೆ ಕೀಲಿ ಬಿತ್ತು. ಆ ಹೊಡೆತ ಮರೆತೆನೆಂದು ಸುಳ್ಳು ಹೇಳಲಾರೆ. ನನ್ನ ಮೈ ಬದುಕಲಿಕ್ಕೆ ಕೇಳುತ್ತಿದ್ದುದನ್ನು ಕಳವು ಅಂತ ಕರೆದರು.

ಒಂಬತ್ತನೇ ಇಯತ್ತೆಯಲ್ಲಿ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ, “ಬಾಜೂ ಕುಂದರೂ ಹುಡುಗ್ಯಾರು ಅಂಜತಾರ್ರೀ, ಮನ್ಯಾಗ ಇಟ್ಟಕೋರಿ,” ಅಂದರು. ಅಪ್ಪ ಇಟ್ಟುಕೊಂಡ.

ಮದುವೆಯ ಮಾತು ಬಂದಾಗ ಬೀಳುವ ವಿಷಯ ಮುಚ್ಚಿಟ್ಟರು. ಹುಡುಗನ ಕಡೆಯವರು ಮನೆಯಲ್ಲಿ ಮರಾಠಿ ಆಡುವವರು, ಒಳ್ಳೆಯವರೇ. ನಿಶ್ಚಯ ಆದ ಮೇಲೆ ನಮ್ಮನ್ನು ಊಟಕ್ಕೆ ಕರೆದರು. ಸೊಸೆಯಾಗುವವಳೆಂದು ಪ್ರೀತಿಯಿಂದ ಮಟನ್ ಬಡಿಸಿದರು, ತತ್ತಿ ಬಡಿಸಿದರು. ಬೇಡವೆಂದರೆ ಸಂಕೋಚ ಅಂದುಕೊಂಡು ಇನ್ನಷ್ಟು ಹಾಕಿದರು. ರೊಟ್ಟಿ, ಅನ್ನ ಮುಟ್ಟುವ ಮೊದಲೇ ಹೊಟ್ಟೆ ತುಂಬಿತ್ತು. ಕೈ ತೊಳೆದು ಬಂದು ಅವರ ನಡುಮನೆಯಲ್ಲಿ ಬಿದ್ದೆ. ಹೊಸ ಸೀರೆ ಒದ್ದೆಯಾಗಿತ್ತು. ಎಚ್ಚರವಾದಾಗ ಹುಡುಗನ ತಾಯಿ ನನ್ನ ಸೀರೆಯ ಮೇಲೊಂದು ಚಾದರ ಹೊದಿಸಿ, ಅವ್ವನ ಕಡೆ ತಿರುಗಿ, “ತುಮ್ಹಿ ಫಸವಲಂತ ಆಮ್ಹಾಲಾ” ಅಂದಳು. ನೀವು ನಮಗೆ ಮೋಸ ಮಾಡಿದಿರಿ. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. ಬಸ್ಸಿನಲ್ಲಿ ಬರುವಾಗ ಅಪ್ಪ ನಮ್ಮಿಬ್ಬರಿಂದ ದೂರ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ.

ಆ ಮೇಲೆ ಓಣಿಯಲ್ಲಿ ಉಸಿರು ಕಟ್ಟಿತು. ಬೆಳಗಾವಿಯ ಹಿಂದವಾಡಿಯಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸವಿದೆ ಅಂತ ತಿಳಿದು ಒಬ್ಬಳೇ ಹೋದೆ. ಮಾಲೀಕರು ವಯಸ್ಸಾದವರು, ಹಣೆಗೆ ವಿಭೂತಿ. ಸುಳ್ಳಿನ ಗತಿ ನೋಡಿದ್ದೆನಲ್ಲ, ಮೊದಲೇ ಹೇಳಿಬಿಟ್ಟೆ: “ನಾ ಬೀಳತೀನ್ರೀ. ಆಮ್ಯಾಲೆ ಎದ್ದ ಕೆಲಸ ಮಾಡತೀನಿ.” ಅವರು ಕಾಜಿನ ಕಪಾಟಿನ ಹತ್ತಿರವಿದ್ದ ಸ್ಟೂಲನ್ನು ತಾವೇ ಎತ್ತಿ ಗೋಡೆಯ ಕಡೆ ಇಟ್ಟರು. “ಇಲ್ಲೆ ಕುಂದರ ತಂಗಿ. ಬಿದ್ರ ಕಾಜ ಚುಚ್ಚೂದಿಲ್ಲ.” ನನ್ನ ಇಡೀ ರೋಗದ ಕಾಲದಲ್ಲಿ ಯಾರಾದರೂ ನಾನು ಬೀಳುವುದನ್ನು ಹಾಗೇ ಒಪ್ಪಿಕೊಂಡು ಜಾಗ ಮಾಡಿಕೊಟ್ಟದ್ದು ಅದೊಂದೇ ಸಲ.

ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿ ನನ್ನ ಊಟವೆಂದರೆ ಅವಲಕ್ಕಿ, ಅನ್ನ, ಸಾರು, ಸಿಹಿ ಚಹಾ. ಬೀಳುವುದು ಬಹಳ ಕಡಿಮೆಯಾಯಿತು. ಜಾಗದ ಗುಣ ಅಂದುಕೊಂಡೆ. ನಾನು ಸೊರಗಿದ್ದು ನೋಡಿ ಮಾಲೀಕರ ಹೆಂಡತಿಗೆ ಮರುಕ. ಮಗ ಜಿಮ್ಮಿಗೆ ಹೋಗುವಾಗ ಕುಡಿಯುವ ಪ್ರೋಟೀನ್ ಪುಡಿಯ ಡಬ್ಬಿಯೊಂದನ್ನು ತಂದುಕೊಟ್ಟರು. “ದಿನಾ ಮುಂಜಾನೆ ಕುಡೀವಾ, ಮೈ ತುಂಬತೈತಿ.” ಮರುದಿನ ಅಂಗಡಿಯಲ್ಲೇ ಕಲಸಿ ಕುಡಿದೆ. ಗಿರಾಕಿಯೊಬ್ಬರ ಮೂಗಿನ ಮೇಲೆ ಚೌಕಟ್ಟು ಸರಿಮಾಡುತ್ತಿದ್ದವಳು ಹಾಗೇ ಕುಸಿದೆನಂತೆ.

ಮಾಲೀಕರು ನನ್ನ ಬಾಯಿಗೆ ಏನೂ ಹಾಕಲಿಲ್ಲ. ಗಂಟಲಿಗೆ ಸಿಕ್ಕೀತು ಅಂತ ಹೆದರಿ ಸೀದಾ ಕಾರಿನಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿ ನರ್ಸ್ ಒಬ್ಬಳು ರೂಢಿಯಂತೆ ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೂವತ್ತೊಂದು. ಮಷೀನು ಕೆಟ್ಟಿದೆಯೆಂದು ಇನ್ನೊಂದು ತಂದಳಂತೆ. ಅದೂ ಅಷ್ಟೇ ತೋರಿಸಿತು.

ಅಲ್ಲಿಂದ ಎಲ್ಲ ಸುಸೂತ್ರವಾಯಿತು ಅಂದುಕೊಳ್ಳಬೇಡಿ. ಮೊದಲು ನನ್ನನ್ನು ಕಳ್ಳಿಯಂತೆ ನೋಡಿದರು.

“ಮನ್ಯಾಗ ಯಾರಿಗರೆ ಶುಗರ್ ಐತೇನು? ಅವರ ಗುಳಿಗಿ ನುಂಗೀರೇನು?”

“ಇಲ್ರೀ.”

“ಇಂಜೆಕ್ಷನ್ ಮಾಡ್ಕೊಂಡೀರಾ? ಯಾರ ಕೂಡರೆ ಜಗಳ ಆಗಿತ್ತೇನು? ಖರೇ ಹೇಳ್ರಿ.”

ರಕ್ತದಲ್ಲಿ ಸಕ್ಕರೆ ಇಷ್ಟು ಇಳಿದು, ಅದನ್ನು ಇಳಿಸುವ ಇನ್ಸುಲಿನ್ ಇಷ್ಟು ಏರಿದ್ದರೆ ಹಾಗೆ ಕೇಳುವುದು ಅವರ ಪದ್ಧತಿ ಅಂತ ಆಮೇಲೆ ತಿಳಿಯಿತು. ಆದರೆ ಕಿರಿಯ ಡಾಕ್ಟರನೊಬ್ಬ ನನ್ನ ಚೀಲವನ್ನು ಹಾಸಿಗೆಯ ಮೇಲೆ ಸುರುವಿ, ಒಳಬಟ್ಟೆಗಳ ನಡುವೆ ಬೆರಳಾಡಿಸುವಾಗ ಬಾಜೂ ಮಂಚದವರೆಲ್ಲ ಕತ್ತೆತ್ತಿ ನೋಡಿದರು. ಏನೂ ಸಿಗಲಿಲ್ಲ. ಸುರುವಿದ್ದನ್ನು ಅವನು ತಿರುಗಿ ತುಂಬಲಿಲ್ಲ.

ನಂತರ ಹೊಟ್ಟೆಯಲ್ಲಿ ಗಂಟಿದೆಯೇ ಅಂತ ಸ್ಕ್ಯಾನ್ ಮಾಡಿದರು. ಗಂಟೂ ಇಲ್ಲ. ಆಗ ಹಾರ್ಮೋನಿನ ಡಾಕ್ಟರಬಾಯಿಯ ಹತ್ತಿರ ಕಳಿಸಿದರು. ಅವರ ಕೋಣೆಯ ಹೊರಗೆ ಕಾಯುವವರೆಲ್ಲ ಸಕ್ಕರೆ ಕಾಯಿಲೆಯ ಹಿರಿಯರು. ನಾನೊಬ್ಬಳೇ ಉಲ್ಟಾ. ಶಹಾಪುರದ ವ್ಯಾಪಾರಿಯೊಬ್ಬರು ಕೇಳಿದರು: “ನಿನಗ ಎಷ್ಟ ಐತಿ ತಂಗಿ?”

“ನಂದು ಇಳೀತೈತ್ರೀ, ಏರೂದಿಲ್ಲ. ಸಿಹಿ ತಿನ್ನಬೇಕಂತ.”

“ಅಯ್ಯ, ಪುಣ್ಯಾ ಮಾಡಿ ಹುಟ್ಟೀದಿ! ನಾ ಕುಂದಾ ಮೂಸಿ ನೋಡಿ ಎಷ್ಟ ವರ್ಷ ಆತು,” ಅಂತ ಅವರು ನಕ್ಕರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ಊದಿದ ವಸಡನ್ನು ಕೈಯಿಂದ ಮುಚ್ಚಿಕೊಂಡು ನಕ್ಕೆ.

ಡಾಕ್ಟರಬಾಯಿ ನನಗಿಂತ ಸ್ವಲ್ಪ ದೊಡ್ಡವರು ಅಷ್ಟೇ. ಅವರು ಬೇರೆ ಏನನ್ನೂ ಕೇಳದೆ, “ಬೀಳೋ ಮೊದಲು ಏನು ತಿಂದಿರ್ತೀರಿ?” ಅಂದರು. ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಹೇಳುತ್ತ ಹೋದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡತೊಡಗಿದರು.

“ನಿಮ್ಮ ತಾಯಿಗೆ ಫೋನ್ ಮಾಡಿ. ಏನು ತಿಂದು ಬೀಳ್ತಿದ್ರಿ, ಅದನ್ನೇ ಅವರ ಕೈಯಿಂದ ಮಾಡಿ ತರೋಕೆ ಹೇಳಿ. ಇಲ್ಲಿ ನಮ್ಮ ಮುಂದೆ ತಿನ್ನಿ. ಹೆದರಬೇಡಿ, ಡ್ರಿಪ್ ತಯಾರಿರ್ತದೆ.”

ಅವ್ವ ಮುಂಜಾನೆಯ ಮೊದಲ ಬಸ್ಸಿಗೆ ಬಂದಳು. ಡಬ್ಬಿಯಲ್ಲಿ ಕುದಿಸಿದ ಹೆಸರುಕಾಳು, ನೆನೆಸಿದ ಶೇಂಗಾ, ಮೂರು ತತ್ತಿ. ಆಸ್ಪತ್ರೆಯವರೇ ಮನೆ ಊಟ ಕೇಳಿದ್ದಾರೆ ಅನ್ನುವ ಹೆಮ್ಮೆ ಅವಳ ಮುಖದಲ್ಲಿ ಕಾಣುತ್ತಿತ್ತು. “ಇಲ್ಲೀ ಊಟದಾಗ ಏನ ತಾಕತ್ತಿರತೈತಿ ಹೇಳ್ರಿ,” ಅಂತ ನರ್ಸಿಗೆ ಹೇಳಿದಳು. ಮಂಚದ ಅಂಚಿಗೆ ಕೂತು, ನನ್ನ ಒಂದು ಕೈಗೆ ಸೂಜಿ ಹಾಕಿದ್ದರಿಂದ ತಾನೇ ತುತ್ತು ಮಾಡಿ ತಿನ್ನಿಸಿದಳು.

ನರ್ಸ್ ಆಗಾಗ ಬಂದು ಬೆರಳು ಚುಚ್ಚಿ ಅಂಕಿ ಓದುತ್ತಿದ್ದಳು. ಎಪ್ಪತ್ತೆಂಟು. ಅರವತ್ತೆರಡು. ಅವ್ವ ಓದಿದವಳಲ್ಲ, ಆದರೆ ಬಾಜಾರದ ಲೆಕ್ಕ ಬಲ್ಲವಳು. ಇಳಿಯುತ್ತಿದೆ ಅನ್ನುವುದು ಅವಳಿಗೆ ತಿಳಿಯಿತು. “ಇಳದ್ರ ಚಲೋ ಏನ್ರೀ?” ಅಂತ ಕೇಳಿದಳು. ನರ್ಸ್ ಅಂಕಿ ಬರೆದುಕೊಂಡಳು. ನಲವತ್ತೊಂಬತ್ತು. ನನಗೆ ಬೆವರು ಒಡೆಯಿತು. ಅವ್ವನ ಮುಖ ಎರಡಾಗಿ ಕಂಡಿತು. ಡಾಕ್ಟರಬಾಯಿ ಬಂದು ಒಂದಿಷ್ಟು ರಕ್ತ ತೆಗೆದು, “ಸಾಕು” ಅಂದರು. ಡ್ರಿಪ್ ಬಿಟ್ಟರು. ಎರಡಾದ ಮುಖ ತಿರುಗಿ ಒಂದಾಯಿತು.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತರು. ನಾನು ಆರಂಭದಲ್ಲಿ ಹೇಳಿದ ಮಾತು ಆಡಿದ್ದು ಆಗಲೇ. ಹೊಟ್ಟೆಯೊಳಗೆ ಮೇದೋಜೀರಕ ಅಂತ ಒಂದು ಅಂಗವಿದೆ, ಉಂಡದ್ದನ್ನು ನೋಡಿ ಎಷ್ಟು ಬೇಕೋ ಅಷ್ಟು ಇನ್ಸುಲಿನ್ ಬಿಡುವ ಜೀವಕಣಗಳು ಅದರಲ್ಲಿವೆ; ನನ್ನಲ್ಲಿ ಒಂದು ಜೀನು ಹುಟ್ಟಿನಿಂದಲೇ ತಪ್ಪಿದೆ; ಅದಕ್ಕೆ ಕಾಳು, ತತ್ತಿ, ಹಾಲು ಹೊಟ್ಟೆಗೆ ಹೋದರೆ ಆ ಕಣಗಳು ಲಗಾಮಿಲ್ಲದೆ ಇನ್ಸುಲಿನ್ ಸುರಿಯುತ್ತವೆ, ರಕ್ತದ ಸಕ್ಕರೆ ನೆಲ ಕಚ್ಚುತ್ತದೆ. ಜೀನಿನ ಪರೀಕ್ಷೆಗೆ ರಕ್ತ ಕಳಿಸಿದೆ, ಆದರೆ ತಮಗೇನೂ ಅನುಮಾನವಿಲ್ಲ ಅಂದರು.

ಅವ್ವ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು.

“ಅಂದ್ರ, ಇಷ್ಟ ವರ್ಷ ನಾನಽ ಇಕೀನ್ನ ಕೆಡವೀನೇನ್ರೀ?”

“ಹಾಗಲ್ಲಮ್ಮ, ನಿಮಗೆ ಗೊತ್ತಿರಲಿಲ್ಲ…”

“ಬ್ಯಾಡ ಅಂತಿದ್ಲರೀ ಕೂಸು. ಬಾಯಿ ಮುಚ್ಚಕೊಂಡ ಅಳತಿತ್ತು. ನಾ ಮೂಗ ಹಿಡದ ತಿನ್ನಿಸೀನ್ರೀ.”

ನಾನು ಅವ್ವನನ್ನು ಸಮಾಧಾನ ಮಾಡಬೇಕಿತ್ತು. ಕೈ ಚಾಚಿದೆ, ಅಷ್ಟೇ. ಅವಳು ಎದ್ದು ನಳದ ಹತ್ತಿರ ಹೋಗಿ ಆ ಡಬ್ಬಿಯನ್ನು ತೊಳೆದಳು, ಮತ್ತೆ ತೊಳೆದಳು, ಹಿಂದೆ ನಿಂತವರು ಬೈಯುವವರೆಗೆ ತೊಳೆದಳು.

ಜೀನಿನ ವರದಿ ಬಂತು. ಡಾಕ್ಟರಬಾಯಿ ಹೇಳಿದ್ದೇ ನಿಜವಾಗಿತ್ತು. ಇದು ತಂದೆ ಅಥವಾ ತಾಯಿಯಿಂದ ಬಂದಿರಬಹುದು, ನನ್ನಲ್ಲೇ ಹೊಸದಾಗಿ ಆಗಿರಲೂಬಹುದು. ಇಬ್ಬರ ರಕ್ತವನ್ನೂ ನೋಡಿದರೆ ಬಳಗದ ಉಳಿದವರಿಗೆ ಉಪಯೋಗ ಅಂದರು. ಕೆಲವರಲ್ಲಿ ಇದು ಬಹಳ ಸೌಮ್ಯವಾಗಿರುತ್ತದೆ, ಇಡೀ ಜನ್ಮ ಗೊತ್ತೇ ಆಗುವುದಿಲ್ಲವಂತೆ. ಅವ್ವ ಅಲ್ಲೇ ಕೈ ಚಾಚಿ ರಕ್ತ ಕೊಟ್ಟಳು. ಅವಳಲ್ಲಿ ಏನೂ ಇರಲಿಲ್ಲ.

ಆ ಸುದ್ದಿ ಹೇಳಲಿಕ್ಕೆ ಖಾನಾಪುರಕ್ಕೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಪ್ಪನಿಗೆ ತಾಸಿಗೊಮ್ಮೆ ಚಹಾ ಬೇಕು, ಸಕ್ಕರೆ ಹೆಚ್ಚು ಬೇಕು. ಬೇಳೆ ಮುಟ್ಟುವುದಿಲ್ಲ, ‘ನನಗ ಹೊಂದೂದಿಲ್ಲ’ ಅನ್ನುತ್ತಾನೆ. ಅದು ಗಂಡಸಿನ ರುಚಿ; ಅವನಿಗೆ ಯಾರೂ ಆಣೆ ಹಾಕಿ ತಿನ್ನಿಸಲಿಲ್ಲ.

“ನೀವೊಮ್ಮೆ ರಕ್ತಾ ಕೊಡ್ರೆಪಾ,” ಅಂದೆ.

“ನನಗ ಏನ ಆಗೇತಿ? ನಾ ಎಂದರೆ ಬಿದ್ದೀನೇನು?”

ಅವ್ವ ಬಾಗಿಲಿಗೆ ಬಂದು ನಿಂತಳು. “ನಂದು ನೋಡ್ಯಾರ. ನನ್ನ ರಕ್ತದಾಗ ಇಲ್ಲಂತ. ನಿಮ್ಮದೂ ನೋಡಲಿ.” ಗಂಡನ ಎದುರು ಅವಳ ಧ್ವನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಕಪ್ಪು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಇವತ್ತಿಗೂ ಅವನು ರಕ್ತ ಕೊಟ್ಟಿಲ್ಲ.

ಮೂರ್ಛೆಯ ಗುಳಿಗೆಯನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಇನ್ಸುಲಿನ್ನಿಗೆ ಲಗಾಮು ಹಾಕುವ ಬೇರೆ ಗುಳಿಗೆ ಶುರುವಾಯಿತು. ಊಟದಲ್ಲಿ ಮೊದಲು ಅನ್ನ ಇಲ್ಲವೆ ರೊಟ್ಟಿ, ಆಮೇಲೆ ಅಳತೆ ಮಾಡಿ ಎರಡು ಚಮಚ ಬೇಳೆ. ಬೀಳುವುದು ನಿಂತಿತು. ಆದರೆ ಆ ಗುಳಿಗೆ ಮೈತುಂಬ ಕೂದಲು ಬೆಳೆಸುತ್ತದೆ. ಕೈಮೇಲೆ, ಕೆನ್ನೆಯ ಅಂಚಿಗೆ, ತುಟಿಯ ಮೇಲೆ. ಅಂಗಡಿಯಲ್ಲಿ ನಾನು ಕನ್ನಡಕ ತೊಡಿಸುವಾಗ ಗಿರಾಕಿಗಳ ಕಣ್ಣು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಹೊಸ ಕಾಜಿನಿಂದ ಅವರಿಗೆ ಮೊದಲು ಕಾಣುವುದು ನನ್ನ ಮೀಸೆ. ದಾರ ಹಾಕಿಸಿ ತೆಗೆಸುತ್ತೇನೆ, ತಿರುಗಿ ಬರುತ್ತದೆ. ಬೀಳುವ ಹುಡುಗಿ ಹೋಗಿ ಮೀಸೆಯ ಹುಡುಗಿಯಾದೆ. ಹೆಣ್ಣು ಮೈಗೆ ರೋಗವೂ ಸುಮ್ಮನೆ ಬಿಟ್ಟುಹೋಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವ್ವನ ಫೋನ್ ಬಂತು. ಜಾಂಬೋಟಿಯಲ್ಲಿರುವ ಗಂಗವ್ವತ್ತೆಯ ಮೊಮ್ಮಗಳು, ಐದು ವರ್ಷದ ಶ್ರಾವಣಿ, ಎರಡು ಸಲ ಬಿದ್ದಳಂತೆ. ನಾನು ರಜೆ ಕೇಳಿ, ಬೆರಳು ಚುಚ್ಚುವ ಮಷೀನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಆ ಮನೆಯ ಮೇಲಿನ ಪ್ರೀತಿಯಿಂದ ಹೋಗಲಿಲ್ಲ. ಹೋಗದೆ ಇರಲಿಕ್ಕೆ ಆಗಲಿಲ್ಲ.

ಗದ್ದೆಯ ಬದುವಿನ ಮೇಲೆ ಕಾಲಿಡಲಾಗದಷ್ಟು ಮಳೆ. ಮನೆಯಲ್ಲಿ ಅತ್ತೆ ಇದ್ದಳು, ಅವಳ ಸೊಸೆ ಮಂಗಲ ಇದ್ದಳು. ಮಗುವಿನ ರಟ್ಟೆಗೆ ಕರಿದಾರ ಕಟ್ಟಿದ್ದರು, ಮುಂದೆ ಸುಲಿದ ಎರಡು ತತ್ತಿ ಇಟ್ಟಿದ್ದರು. ಒಂದು ಅರ್ಧ ಮುಗಿದಿತ್ತು. ಮಗು ನನ್ನನ್ನು ನೋಡಿ, ನಾನು ಬೈಯುತ್ತೇನೆಂದು ಹೆದರಿ ಉಳಿದದ್ದನ್ನು ಬಾಯಿಗೆ ತುರುಕಿಕೊಂಡಿತು.

“ಮಂಗಲಾನ ತವರಮನಿ ಕಡೀದು,” ಅಂತ ಅತ್ತೆ ನಾನು ಕೂಡುವ ಮೊದಲೇ ಹೇಳಿದಳು.

ಮಂಗಲ ತಲೆ ತಗ್ಗಿಸಿ ಪಾತ್ರೆ ಒರೆಸುತ್ತಿದ್ದಳು. ನಾನು ಸ್ವಲ್ಪ ಹೊತ್ತು ಬಿಟ್ಟು ಮಗುವಿನ ಬೆರಳು ಚುಚ್ಚಿದೆ. ಐವತ್ತೊಂದು. ಅದರ ತುಟಿಯ ಮೇಲೆ ಬೆವರಿತ್ತು. ಗ್ಲೂಕೋಸ್ ಪುಡಿ ಕಲಸಿ ಕುಡಿಸಿದೆ, ತತ್ತಿಯ ತಟ್ಟೆ ದೂರ ಸರಿಸಿದೆ.

“ಇದು ನಂದಽ ರೋಗ. ಅಪ್ಪನ ಕಡೆಯಿಂದ ಬಂದದ್ದು. ನಿಮ್ಮ ತವರಿಂದ, ಅತ್ತೀ. ಕೂಸಿನ್ನ ಬೆಳಗಾಂವಿಗೆ ಕರಕೊಂಡ ಹೋಗೂಣು ನಡೀರಿ.”

ಅತ್ತೆಯ ಮುಖ ಕೆಂಪಾಯಿತು. “ಮಾರಿ ಮ್ಯಾಲೆ ಮೀಸಿ ಬಂದೈತಿ ನಿನಗ. ಈ ಕೂಸಿಗೂ ಅದಽ ಗತಿ ಮಾಡಬೇಕಂತ ಬಂದಿಯೇನು? ನಮ್ಮ ಮನಿತನಕ್ಕ ಕೆಟ್ಟ ಹೆಸರ ತರಬ್ಯಾಡ. ಚಹಾ ಕುಡದ ಹೋಗು.”

ಚಹಾ ಕುಡಿಯಲಿಲ್ಲ. ಮಂಗಲಳಿಗೆ ಕೇಳುವಂತೆ, “ಮೊದಲ ಅನ್ನಾ ತಿನ್ನಸ್ರಿ, ಬರೀ ತತ್ತಿ ಕೊಡಬ್ಯಾಡ್ರಿ,” ಅಂತಷ್ಟೇ ಹೇಳಿ ಕೊಡೆ ಬಿಚ್ಚಿದೆ. ಬಸ್‌ಸ್ಟಾಪಿನಲ್ಲಿ ನಿಂತು, ಇನ್ನೊಮ್ಮೆ ಈ ಊರಿಗೆ ಬರುವುದಿಲ್ಲ ಅಂದುಕೊಂಡೆ. ಬಸ್ಸು ತಿರುವಿನಲ್ಲಿ ಕಾಣುವಾಗ ಹಿಂದಿನಿಂದ ಕೆಸರು ತುಳಿಯುವ ಸದ್ದು. ಮಂಗಲ. ಮಗುವನ್ನು ಸೊಂಟದ ಮೇಲೆತ್ತಿಕೊಂಡು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಓಡಿ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅವರಿಗೆ ಹೇಳಿ ಬಂದೀಯೇನ?” ಅಂದೆ.

“ಹೇಳಿದ್ರ ಬಿಡತಿದ್ರೇನ್ರೀ ಅಕ್ಕಾ?”

ಬಸ್ಸಿನಲ್ಲಿ ಕೂತು ಮಂಗಲಳಿಗೆ ಎಲ್ಲ ಬಿಡಿಸಿ ಹೇಳಿ, ಮಗುವಿನ ಬೆರಳು ಇನ್ನೊಮ್ಮೆ ಚುಚ್ಚಿದೆ. ಅದು ಚೀರಿತು. ಎಲ್ಲರೂ ತಿರುಗಿದರು. ಕಂಡಕ್ಟರ್ ಹೆಂಗಸರ ಬಿಟ್ಟಿ ಟಿಕೀಟು ಹರಿಯುತ್ತ, “ಕೂಸಿಗೆ ಏನಾಗೇತ್ರೀ?” ಅಂದ. ನಾನು ರೂಢಿಯಂತೆ ‘ಜ್ವರ’ ಅನ್ನಲಿಕ್ಕೆ ಬಾಯಿ ತೆರೆದೆ.

ಮಂಗಲ ನನಗಿಂತ ಮೊದಲು ಉತ್ತರ ಕೊಟ್ಟಳು. “ರಕ್ತದಾಗ ಸಕ್ಕರಿ ಇಳೀತೈತ್ರೀ. ಹುಟ್ಟಾ ಬಂದದ್ದು. ತಪ್ಪ ಯಾರದೂ ಅಲ್ಲ. ದವಾಖಾನಿಗೆ ಒಯ್ಯಾಕತ್ತೇವಿ.” ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಹೇಳಿ, ಒದ್ದೆ ಸೆರಗಿನಿಂದ ಮಗುವಿನ ಮೂಗು ಒರೆಸಿದಳು.

ಶ್ರಾವಣಿಗೂ ಅದೇ ಎಂದು ಮುಂದೆ ಖಾತ್ರಿಯಾಯಿತು. ಗುಳಿಗೆ ಶುರುವಾಗಿದೆ, ಬೀಳುವುದು ನಿಂತಿದೆ, ಒಂದನೇ ಇಯತ್ತೆಗೆ ಹೋಗುತ್ತಿದ್ದಾಳೆ. ಮಂಗಲ ಮನೆಯಲ್ಲಿ ಏನೇನು ಕೇಳಬೇಕಾಯಿತೋ ಅವಳು ಹೇಳುವುದಿಲ್ಲ. ಕೇಳಿದವರಿಗೆಲ್ಲ ಇದು ಒಳ್ಳೆಯ ಮುಕ್ತಾಯ ಅನ್ನಿಸುತ್ತದೆ. ನನಗೆ ನೆನಪಿರುವುದು ಆ ಬಸ್ಸು. ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು, ಬಾಯಿ ತೆರೆದು, ಸಣ್ಣ ಬಿಳಿ ಹಲ್ಲುಗಳೆಲ್ಲ ಕಾಣುವಂತೆ. ಐದು ವರ್ಷಕ್ಕೇ ಗೊತ್ತಾಯಿತು ಇವಳಿಗೆ. ಓಡಿ ಬರುವ ತಾಯಿ ಸಿಕ್ಕಳು ಇವಳಿಗೆ. ಅದರ ಕೂದಲಿನ ಮೇಲೆ ಕೈಯಾಡಿಸುತ್ತಿದ್ದೆ, ಮಂಗಲ ನನ್ನ ಕಡೆ ನೋಡಿ ಕಣ್ಣು ತುಂಬಿಕೊಂಡು ಕೈಮುಗಿದಳು. ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ನಾನೂ ಅಳುತ್ತಿದ್ದೇನೆ ಅಂದುಕೊಂಡಳು ಅವಳು. ಆ ಕೂಸಿನ ಮೇಲೆ ನನಗೆ ಹೊಟ್ಟೆ ಉರಿಯುತ್ತಿತ್ತು.